ಒಂದೇ ಯಂತ್ರಕ್ಕೆ ಕಟ್ಟಿಹಾಕಿದ ಚಿತ್ರಪಟ

ಅಂಗೈಯಗಲದ ಯಂತ್ರದಲ್ಲಿ ಚಿತ್ರಪಟವನ್ನು ನೋಡುವದು ನಮ್ಮ ಸೀಮೆಯಲ್ಲಿ ಈಗ ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. ಯಾದಗಿರಿಯ ಸ್ಟೇಶನ್ನಿನಲ್ಲಿ ಮುಂಬಯಿಯ ಗಾಡಿಯ ಹಾದಿ ಕಾಯುವ ಕೂಲಿಕಾರನೂ, ಶಹಾಪುರದ ಅಡತಿ ಅಂಗಡಿಯ ಗುಮಾಸ್ತನೂ, ಸುರಪುರದ ಕಚೇರಿಯ ಕಾರಕೂನನೂ ಬಿಡುವು ದೊರೆತೊಡನೆ ಕಿಸೆಯಿಂದ ಮೊಬಾಯಿಲನ್ನು ತೆಗೆದು ಅದರಲ್ಲಿ ಮಗ್ನರಾಗುತ್ತಾರೆ. ಇದನ್ನು ಕಂಡವರು, ಈ ಅಂಗೈಯ ಚಿತ್ರಪಟವು ಹುಟ್ಟಿದಂದಿನಿಂದಲೇ ಗೆದ್ದು ಬಂದಿರಬೇಕೆಂದು ಭಾವಿಸಿದರೆ ಅದು ಸಹಜವೇ. ಆದರೆ ನಡೆದುದು ಹಾಗಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಹಣಕ್ಕೂ ಜಾಣ್ಮೆಗೂ ಕೊರತೆಯಿಲ್ಲದ ಕಂಪನಿಗಳು ಇದೇ ಕಾರ್ಯಕ್ಕೆ ಕೈಹಾಕಿ ಸೋತವು. ಬಂಡವಾಳವೆಂಬುದೇ ಇಲ್ಲದ ನಮ್ಮ ಬಸ್ ಸ್ಟ್ಯಾಂಡಿನ ಮೊಬಾಯಿಲ ಅಂಗಡಿಯವನು ಕೆಲವೇ ದಿನಗಳಲ್ಲಿ ಗೆದ್ದನು. ಈ ಸೋಲುಗೆಲವುಗಳ ಕಾರಣವನ್ನು ವಿಚಾರಿಸುವದು ವ್ಯಾಪಾರಿಗಳ ಕೆಲಸ ಮಾತ್ರವೆಂದು ನಮಗೆ ತೋರುವದಿಲ್ಲ. ಕನ್ನಡದ ಚಿತ್ರಪಟಗಳೂ ಬಯಲಾಟಗಳೂ ಹಾಡುಗಳೂ ಮುಂದಿನ ತಲೆಮಾರಿನವರ ಕೈಗೆ ಹೇಗೆ ಮುಟ್ಟುವವು ಎಂಬ ಪ್ರಶ್ನೆಯೂ ಇದರಲ್ಲಿಯೇ ಅಡಗಿದೆ.

ಜಪಾನದ ಸೋನಿ ಕಂಪನಿಯು 2004ನೆಯ ಇಸವಿಯ ಡಿಸೆಂಬರದಲ್ಲಿ ಪಿ.ಎಸ್.ಪಿ. ಎಂಬ ಕೈಯಾಟದ ಯಂತ್ರವನ್ನು ಹೊರಡಿಸಿತು. ಅದರೊಡನೆ ಯು.ಎಮ್.ಡಿ. ಎಂಬ ಹೊಸದೊಂದು ತಟ್ಟೆಯೂ ಬಂದಿತು. ಆರು ಸೆಂಟಿಮೀಟರಿನ ಅಡ್ಡಗಲ, ಸುತ್ತಲೂ ಪ್ಲ್ಯಾಸ್ಟಿಕ್ಕಿನ ಕವಚ, ಒಳಗೆ 1.8 ಜಿಬಿಯಷ್ಟು ಸ್ಥಳ. ಆಟಗಳನ್ನಷ್ಟೇ ಅಲ್ಲದೆ ಪೂರ್ಣ ಚಿತ್ರಪಟಗಳನ್ನೂ ಈ ತಟ್ಟೆಯಲ್ಲಿ ತುಂಬಿ ಮಾರಬೇಕೆಂಬುದು ಕಂಪನಿಯ ಹಂಚಿಕೆ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ಕೈಗೂಡಿಸಿದವು. ಯಂತ್ರವು ಕಳಪೆಯಾದುದೆಂದು ಯಾರೂ ಹೇಳುವಂತಿರಲಿಲ್ಲ. ಅದರ ಪರದೆಯು ಆ ಕಾಲದ ಮೊಬಾಯಿಲುಗಳ ಪರದೆಗಿಂತ ದೊಡ್ಡದೂ ಸೊಗಸಾದುದೂ ಆಗಿತ್ತು. 2005ರಲ್ಲಿ ಅಮೇರಿಕೆಯಲ್ಲಿ ಒಂದೆರಡು ಚಿತ್ರಪಟಗಳ ತಟ್ಟೆಗಳು ಲಕ್ಷದ ಲೆಕ್ಕದಲ್ಲಿ ಖರ್ಚಾದವು. ಇಷ್ಟೆಲ್ಲ ಆಗಿ, 2006ರಲ್ಲಿಯೇ ಸ್ಟುಡಿಯೋಗಳು ಹಿಂದೆಗೆಯತೊಡಗಿದವು. ಅಂಗಡಿಕಾರರು ಕಪಾಟನ್ನು ತೆರವು ಮಾಡಹತ್ತಿದರು. 2009ರ ಅಕ್ಟೋಬರದಲ್ಲಿ ಸೋನಿ ಕಂಪನಿಯೇ ತಟ್ಟೆಯ ಗೂಡಿಲ್ಲದ ಪಿ.ಎಸ್.ಪಿ.ಯೊಂದನ್ನು ತಂದಿತು. 2011ರಲ್ಲಿ ಬಂದ ಅದರ ಮುಂದಿನ ಯಂತ್ರದಲ್ಲಂತೂ ಯು.ಎಮ್.ಡಿ.ಗೆ ಎಡೆಯೇ ಇರಲಿಲ್ಲ. ಹೆತ್ತವರೇ ಕೈಬಿಟ್ಟ ಕೂಸಾಯಿತು ಅದು.

ಇದು ಯಾಕೆ ಹೀಗಾಯಿತು? ಗಿರಾಕಿಯ ಸ್ಥಾನದಲ್ಲಿ ನಿಂತು ನೋಡಿದರೆ ತಿಳಿಯುವದು. ಅವನು ಒಂದು ಚಿತ್ರಪಟಕ್ಕೆ ಡಿವಿಡಿಯಷ್ಟೇ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಬೆಲೆಯನ್ನು ಕೊಟ್ಟನು. ಡಿವಿಡಿಯನ್ನು ಕೊಂಡಿದ್ದರೆ ಮನೆಮಂದಿಯೆಲ್ಲ ಕೂಡಿ ಟಿವಿಯಲ್ಲಿ ನೋಡಬಹುದಾಗಿತ್ತು, ನೆರೆಮನೆಯವರಿಗೆ ಎರವಲು ಕೊಡಬಹುದಾಗಿತ್ತು, ಊರಿಗೆ ಹೋದಲ್ಲಿ ಅಳಿಯನ ಯಂತ್ರದಲ್ಲಿ ಹಾಕಬಹುದಾಗಿತ್ತು. ಯು.ಎಮ್.ಡಿ. ತಟ್ಟೆಯಾದರೋ ಆ ಒಂದು ಯಂತ್ರದೊಳಗೆ ಮಾತ್ರ ತಿರುಗುವದು. ಒಬ್ಬನೇ ಕಿವಿಗೆ ತಂತಿ ಸಿಕ್ಕಿಸಿಕೊಂಡು ನೋಡತಕ್ಕದ್ದು. ಮೊದಲ ಪಿ.ಎಸ್.ಪಿ.ಯಿಂದ ಚಿತ್ರವನ್ನು ಟಿವಿಗೆ ಒಯ್ಯುವ ದಾರಿಯನ್ನೇ ಇಟ್ಟಿರಲಿಲ್ಲ. ಆ ಸೌಕರ್ಯವು 2007ರ ಯಂತ್ರದಲ್ಲಿ ಬಂದಿತು. ಅಷ್ಟರೊಳಗೆ ಗಿರಾಕಿಯು ಬೇಸತ್ತು ಹೋಗಿದ್ದನು. ಬರಿಯ ತಟ್ಟೆಯನ್ನು ಕೊಂಡು ತನ್ನ ಮಗಳ ಮದುವೆಯ ಚಿತ್ರವನ್ನು ತುಂಬೋಣವೆಂದರೆ ಬರಿಯ ತಟ್ಟೆಗಳು ಪೇಟೆಗೆ ಬರಲಿಲ್ಲ. ಯು.ಎಮ್.ಡಿ.ಯ ಅಳತೆಗಳನ್ನು 2005ರಲ್ಲಿ ಎಕ್ಮಾ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರದಲ್ಲಿ ಅಚ್ಚು ಹಾಕಿಸಿದ್ದರೆಂಬುದು ನಿಜ. ಕಾಗದದ ಮೇಲೆ ಅದು ಲೋಕಕ್ಕೆಲ್ಲ ತೆರೆದುದೇ ಸರಿ. ಆದರೆ ಅದನ್ನು ತಿರುಗಿಸುವ ಯಂತ್ರವನ್ನು ಬೇರೆ ತಯಾರಕರು ಮಾಡಲಿಲ್ಲ.

ಇನ್ನೂ ಒಂದು ತಮಾಷೆಯನ್ನು ಹೇಳಬೇಕು. ಅದೇ ಯಂತ್ರದ ಬದಿಯಲ್ಲಿ ಮೆಮರಿ ಸ್ಟಿಕ್ಕನ್ನು ಸಿಕ್ಕಿಸುವ ಸಂದು ಇತ್ತು. ಅದರಲ್ಲಿ ತುಂಬಿದ ಎಂಪಿಫೋರು ಚಿತ್ರಗಳನ್ನು ಯಂತ್ರವು ನಿರಾಕರಿಸುತ್ತಿರಲಿಲ್ಲ. ಆದುದರಿಂದ ಚತುರರಾದ ಗಿರಾಕಿಗಳು ತಮ್ಮಲ್ಲಿದ್ದ ಡಿವಿಡಿಗಳನ್ನೇ ಕಿರಿದುಗೊಳಿಸಿ ಅಲ್ಲಿ ತುಂಬಿಕೊಂಡರು. ತಟ್ಟೆಯನ್ನು ಗರಗರ ತಿರುಗಿಸುವ ಮೋಟಾರಿನ ಖರ್ಚು ತಪ್ಪಿದುದರಿಂದ ಬ್ಯಾಟರಿಯೂ ಹೆಚ್ಚು ಹೊತ್ತು ಬಾಳುತ್ತಿತ್ತು. ಯು.ಎಮ್.ಡಿ.ಯ ವೈರಿಯು ಹೀಗೆ ಅದರ ಮನೆಯಲ್ಲಿಯೇ ಬೆಳೆಯಿತು. ಆ ಮೆಮರಿ ಸ್ಟಿಕ್ಕಾದರೂ ಸೋನಿಯದೇ ಖಾಸಗಿ ಕಾರ್ಡು. ಬೇರೆಯವರೆಲ್ಲರೂ ಎಸ್‌ಡಿ ಕಾರ್ಡಿನ ಕಡೆಗೆ ಹೊರಳಿದ ಮೇಲೆ 2010ರಲ್ಲಿ ಸೋನಿಯವರೂ ಅದಕ್ಕೆ ತಲೆಬಾಗಬೇಕಾಯಿತು. ಇಷ್ಟಾದರೂ ಮರುವರುಷದ ಯಂತ್ರಕ್ಕೆ ಮತ್ತೊಂದು ಖಾಸಗಿ ಕಾರ್ಡನ್ನೇ ಮಾಡಿದರು. ಶ್ರೀಮಂತರಿಗೆ ಪಾಠವು ಒಂದೇ ಸಲಕ್ಕೆ ಹತ್ತುವದಿಲ್ಲವೆಂದು ತೋರುತ್ತದೆ.

ನಿಂಟೆಂಡೋ ಕಂಪನಿಯ ಗೇಮ್‌ಬಾಯ್ ಯಂತ್ರಕ್ಕಾಗಿಯೂ 2004ರಲ್ಲಿ ಇಂಥದೇ ಪ್ರಯತ್ನ ನಡೆದಿತ್ತು. ಮಕ್ಕಳ ಚಿತ್ರಗಳನ್ನು ಆಟದ ಕಾರ್ಟ್ರಿಜ್ಜಿನಲ್ಲಿಯೇ ತುಂಬಿ ಮಾರಿದರು. ಚಿತ್ರವು ಮಸುಕು ಮಸುಕು. ಆ ಯಂತ್ರದ ಆಟಗಳನ್ನು ಟಿವಿಯಲ್ಲಿ ತೋರಿಸುವ ಒಂದು ಸಾಧನವು ಇದ್ದೇ ಇತ್ತು. ಚಿತ್ರದ ಕಾರ್ಟ್ರಿಜ್ಜು ಮಾತ್ರ ಅದರಲ್ಲಿ ನಡೆಯದಂತೆ, ಯಾರಾದರೂ ನಕಲು ತೆಗೆದಾರೆಂಬ ಭಯದಿಂದ, ಬೇಕೆಂದೇ ಬೀಗ ಹಾಕಿದ್ದರು. ಕಳ್ಳನು ಬಂದಾನೆಂದು ಅತಿಥಿಗೂ ಬಾಗಿಲು ತೆರೆಯದ ಮನೆಯ ಹಾಗೆ.

ನಮ್ಮ ಸೀಮೆಯ ಜನರಿಗೆ ಈ ವಿಷಯವನ್ನು ತಿಳಿಸಲು ಜಪಾನಕ್ಕೆ ಹೋಗುವ ಕಾರಣವೇ ಇಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲೂಕುಗಳು ನಿಜಾಮ ಸಂಸ್ಥಾನಕ್ಕೆ ಸೇರಿದ್ದಾಗ ಇಲ್ಲಿ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತಿತ್ತೆಂಬುದನ್ನು ವಾಚಕರು ತಮ್ಮ ಮನೆಯ ಹಿರಿಯರಿಂದ ಕೇಳಿರಬಹುದು. ಅದು ಬೆಳ್ಳಿಯ ರೂಪಾಯಿಯೇ, ಖೋಟಾ ನಾಣ್ಯವಲ್ಲ. ಸಂಸ್ಥಾನದ ಎಲ್ಲೆಯೊಳಗೆ ಅದರಿಂದ ಜೋಳವನ್ನೂ ಕೊಳ್ಳಬಹುದು, ಕಂದಾಯವನ್ನೂ ಕಟ್ಟಬಹುದು. ಆದರೆ ಸುರಪುರದ ವ್ಯಾಪಾರಿಯು ಪಶ್ಚಿಮಕ್ಕೆ ನಡೆದು ಮುಂಬಯಿ ಇಲಾಖೆಯ ತಾಳಿಕೋಟೆಯ ಪೇಟೆಗೆ ಕಾಲಿಟ್ಟನೆಂದರೆ ಅಲ್ಲಿ ಕಲ್ದಾರ ರೂಪಾಯಿಯೇ ಬೇಕು. ಏಳು ಹಾಲಿಗೆ ಸುಮಾರು ಆರು ಕಲ್ದಾರ. ಸರಾಫನಿಗೆ ವಟ್ಟ ಬೇರೆ. ಕಿಸೆಯಲ್ಲಿದ್ದ ಹಣವು ತನ್ನದೇ ಆದರೂ ಎಲ್ಲೆಯನ್ನು ದಾಟಿದೊಡನೆ ಅದರ ಸತ್ವ ಕಡಿಮೆ. ಈ ನಾಣ್ಯವು ಹೊಸದಾಗಿ ಹೊರಡುವದು 1951ರಲ್ಲಿ ನಿಂತು, 1959ರಲ್ಲಿ ಪೂರ್ತಿಯಾಗಿ ರದ್ದಾಯಿತು. ಯು.ಎಮ್.ಡಿ.ಯೂ ಅಂಥದೊಂದು ನಾಣ್ಯ. ಭೇದವೇನೆಂದರೆ, ನಿಜಾಮನ ರಾಜ್ಯವು ವಿಸ್ತಾರವಾದುದಾಗಿತ್ತು. ಅಲ್ಲಿ ಹುಟ್ಟಿದವನು ಎಲ್ಲೆಯ ಹೊರಗೆ ಹೋಗದೆಯೇ ಆಯುಷ್ಯ ಕಳೆಯಬಹುದಾಗಿತ್ತು. ಯು.ಎಮ್.ಡಿ.ಯ ರಾಜ್ಯದ ವಿಸ್ತಾರವೋ ನಾಲ್ಕೂಕಾಲು ಇಂಚಿನ ಒಂದು ಪರದೆ.

ಚಿತ್ರಪಟದ ಇತಿಹಾಸವನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು. ಮೂವತ್ತೈದು ಮಿಲಿಮೀಟರಿನ ಫಿಲ್ಮಿನ ಅಗಲವನ್ನೂ ಅದರ ಅಂಚಿನ ತೂತುಗಳನ್ನೂ 1909ರ ಸುಮಾರಿಗೇ ತಯಾರಕರೆಲ್ಲ ಒಪ್ಪಿಕೊಂಡದ್ದರಿಂದ, ಮದರಾಸಿನಲ್ಲಿ ಅಚ್ಚಾದ ರೀಲು ನಮ್ಮ ಹಳ್ಳಿಯ ಟೂರಿಂಗ್ ಟಾಕೀಜಿನ ಹರಕು ಡೇರೆಯೊಳಗಿನ ಯಂತ್ರದಲ್ಲಿಯೂ ಓಡಿತು. ಗ್ರಾಮೋಫೋನಿನ ತಟ್ಟೆಗಳ ಮಾತೂ ಹಾಗೆಯೇ. ಅಲ್ಲಿಯೂ ಹಟ ಹಿಡಿದವನೊಬ್ಬನಿದ್ದನು, ಅವನು ಸಾಮಾನ್ಯನಲ್ಲ, ಸಾಕ್ಷಾತ್ ಎಡಿಸನ್. ಧ್ವನಿಮುದ್ರಣವನ್ನು ಕಂಡುಹಿಡಿದ ಆ ಮಹಾಶಯನು 1912ರಲ್ಲಿ ಡೈಮಂಡ್ ಡಿಸ್ಕೆಂಬ ತನ್ನದೇ ತಟ್ಟೆಯನ್ನು ತಂದನು. ಅದರ ನಾದವು ಉಳಿದವುಗಳಿಗಿಂತ ಇಂಪಾಗಿತ್ತೆಂದು ಬಲ್ಲವರು ಹೊಗಳುತ್ತಾರೆ. ಆದರೆ ಅದು ಅವನ ಯಂತ್ರದಲ್ಲಿಯೇ ಹಾಡಬೇಕು. 1929ರಲ್ಲಿ ಅವನ ಕಂಪನಿಯು ಆ ವ್ಯಾಪಾರವನ್ನೇ ಮುಚ್ಚಿತು.

ಹಾಗಾದರೆ ಖಾಸಗಿ ಒಡೆತನವೆಂಬುದೇ ಸೋಲಿಗೆ ಕಾರಣವೋ? ಹಾಗೆಂದು ಹೇಳಿಬಿಡುವದು ಆತುರದ ಮಾತಾದೀತು. ಡಿವಿಡಿಗೂ ಬೀಗವಿತ್ತು, ಒಂದು ಖಂಡದ ತಟ್ಟೆಯು ಇನ್ನೊಂದು ಖಂಡದ ಯಂತ್ರದಲ್ಲಿ ನಡೆಯದಂತೆ ವಲಯದ ಗುರುತನ್ನೂ ಹಾಕಿದ್ದರು. ಆದರೂ ಅದು ಗೆದ್ದಿತು, ಯಾಕಂದರೆ ಅದರ ಯಂತ್ರವನ್ನು ಹತ್ತಾರು ದೇಶಗಳ ತಯಾರಕರು ಮಾಡಿ ಪೈಪೋಟಿಯಿಂದ ಅಗ್ಗಗೊಳಿಸಿದರು. ಎಂಪಿಫೋರಿನ ಒಳಗಿನ ತಂತ್ರಕ್ಕೂ ಪೇಟೆಂಟಿನ ಒಡೆಯರು ಇದ್ದರು. ಆದರೆ ಶುಲ್ಕ ಕೊಟ್ಟವರಿಗೆಲ್ಲ ಅದು ದೊರೆಯುತ್ತಿತ್ತು. ಆಪಲ್ ಕಂಪನಿಯು 2005ರಲ್ಲಿ ಐಪಾಡಿಗಾಗಿ ಚಿತ್ರಗಳನ್ನು ಮಾರತೊಡಗಿದಾಗ ಅವಕ್ಕೂ ತನ್ನ ಬೀಗವನ್ನೇ ಹಾಕಿತು. ಆದರೆ ಒಮ್ಮೆ ಕೊಂಡುದನ್ನು ಮನೆಯ ಗಣಕಯಂತ್ರದಲ್ಲಿಯೂ ನೋಡಬಹುದಿತ್ತು, ಟಿವಿಗೂ ಒಯ್ಯಬಹುದಿತ್ತು; ಗಿರಾಕಿಯು ತನ್ನಲ್ಲಿದ್ದ ಬೇರೆ ಚಿತ್ರಗಳನ್ನು ಸಾಧಾರಣ ಫಾರ್ಮ್ಯಾಟಿನಲ್ಲಿ ತುಂಬಿಕೊಂಡರೆ ಯಂತ್ರವು ಬೇಡವೆನ್ನುತ್ತಿರಲಿಲ್ಲ. ಆದುದರಿಂದ ನಮ್ಮ ತೀರ್ಪು ಇಷ್ಟೇ. ಒಡೆಯನಿರುವದು ದೋಷವಲ್ಲ. ಹಣ ಕೊಟ್ಟವನು ಕೊಂಡ ವಸ್ತುವನ್ನು ಹಿಡಿದುಕೊಂಡು ಒಡೆಯನ ಅಂಗಳದಲ್ಲಿಯೇ ನಿಂತಿರಬೇಕಾಗುವದು ದೋಷ. ಹಾಗೆ ನಿಲ್ಲಲು ಒಪ್ಪುವವರು ಬಹು ಕಡಿಮೆ, ಹಣವಂತರ ದೇಶದಲ್ಲಿಯೂ ಕಡಿಮೆ.

ಈಗ ನಮ್ಮ ಮನೆಯ ಸಂಗತಿಗೆ ಬರೋಣ. ಕನ್ನಡದ ಚಿತ್ರಪಟವು ಯು.ಎಮ್.ಡಿ.ಯಲ್ಲಿ ನಮ್ಮ ಪೇಟೆಗೆ ಬಂದುದನ್ನು ನಾವು ಕಾಣಲಿಲ್ಲ. ಅದೇ ವರ್ಷಗಳಲ್ಲಿ ಇಲ್ಲಿ ಬಂದದ್ದು ಚೀನದ ಅಗ್ಗದ ಮೊಬಾಯಿಲು, ಅದರೊಳಗೆ ಉಗುರಿನಷ್ಟಗಲದ ಮೈಕ್ರೋ ಎಸ್‌ಡಿ ಕಾರ್ಡು. 2009ರ ಡಿಸೆಂಬರ 30ರಂದು ಯಾದಗಿರಿಯು ಜಿಲ್ಲೆಯಾಯಿತು. ಆ ಸುಮಾರಿಗೆ ಊರೂರಿನ ಮೊಬಾಯಿಲ ಅಂಗಡಿಗಳ ಮುಂದೆ ಹಾಡು, ಸಿನೇಮಾ ತುಂಬಿಕೊಡಲಾಗುವದೆಂಬ ಫಲಕಗಳು ತೂಗಾಡಹತ್ತಿದ್ದವು. ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಕಾರ್ಡು ತುಂಬಿ ಬರುತ್ತಿತ್ತು. ಎರಡು ಜಿಬಿಯ ಕಾರ್ಡಿನಲ್ಲಿ ಹತ್ತಾರು ಚಿತ್ರಪಟಗಳು. ತ್ರೀಜಿಪಿ ಫಾರ್ಮ್ಯಾಟಿನ ಮಸುಕು ಚಿತ್ರಗಳೇ ಅವು, ಯು.ಎಮ್.ಡಿ.ಯ ಮುಂದೆ ನಿಲ್ಲಿಸಿದರೆ ನಗೆಪಾಟಲು. ಆದರೆ ಆ ತ್ರೀಜಿಪಿಯನ್ನು ಮೊಬಾಯಿಲ ತಯಾರಕರೆಲ್ಲ ಕೂಡಿ ಒಪ್ಪಿದ್ದರಿಂದ ಅದು ಎಲ್ಲ ಕಡೆಗೂ ನಡೆಯುವ ಕಲ್ದಾರವಾಗಿತ್ತು. ಗುಳೆ ಹೋಗುವವನು ಕಾರ್ಡನ್ನು ತುಂಬಿಸಿಕೊಂಡು ಗಾಡಿ ಹತ್ತುತ್ತಿದ್ದನು. ಬೆಂಗಳೂರಲ್ಲಿಯೋ ಪುಣೆಯಲ್ಲಿಯೋ ಕಟ್ಟಡದ ಕೆಲಸ ಮುಗಿದ ಮೇಲೆ ತಗಡಿನ ಶೆಡ್ಡಿನಲ್ಲಿ ಹತ್ತು ಜನ ಕೂಡಿ ಅದನ್ನು ನೋಡುವರು. ಮೊಬಾಯಿಲು ಕೆಟ್ಟರೆ ಕಾರ್ಡನ್ನು ಕಿತ್ತು ಇನ್ನೊಬ್ಬನದರಲ್ಲಿ ಹಾಕಿದರೆ ಮುಗಿಯಿತು. ಚಿತ್ರವು ಯಂತ್ರದ ಸೊತ್ತಾಗಿರಲಿಲ್ಲ, ಮನುಷ್ಯನ ಸೊತ್ತಾಗಿತ್ತು.

ಈ ವ್ಯವಹಾರದ ಬಹುಭಾಗವು ಕಳವೆಂಬುದನ್ನು ನಾವು ಮರೆಮಾಚುವದಿಲ್ಲ. ಚಿತ್ರಪಟವನ್ನು ತೆಗೆದವನ ಅನುಮತಿಯಿಲ್ಲದೆ ಅದನ್ನು ನಕಲು ಮಾಡಿ ಮಾರುವದು 1957ರ ಕೃತಿಸ್ವಾಮ್ಯದ ಕಾಯಿದೆಯ ಮೇರೆಗೆ ಅಪರಾಧ. ನಮ್ಮ ಸರಕಾರವು 2014ರಲ್ಲಿ ಗೂಂಡಾ ಕಾಯಿದೆಯನ್ನು ತಿದ್ದಿ ಇಂಥ ನಕಲುಗಾರರನ್ನೂ ಅದರೊಳಗೆ ಸೇರಿಸಿತು. ಸಾಲಮಾಡಿ ಚಿತ್ರಪಟ ತೆಗೆದ ಕನ್ನಡದ ನಿರ್ಮಾಪಕನ ಅನ್ನವನ್ನು ಕಸಿಯುವದು ಯಾವ ನ್ಯಾಯದಿಂದಲೂ ಸರಿಯಲ್ಲ. ಆದರೆ ಪೋಲೀಸರಿಗೆ ಹೇಳುವ ಮೊದಲು ವ್ಯಾಪಾರಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ನ್ಯಾಯವಾದ ಸರಕು ಪೇಟೆಗೆ ಬಂದಾಗ ನಮ್ಮ ಜನರು ಅದನ್ನು ಒಲ್ಲೆನ್ನಲಿಲ್ಲ. 2007ರ ಸುಮಾರಿಗೆ ಮೋಸರ್ ಬೇಯರ್ ಕಂಪನಿಯು ಚಿತ್ರಪಟದ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ, ಕಿರಾಣಿ ಅಂಗಡಿಗೆ ಹೋದವನೂ ಒಂದನ್ನು ಕೈಚೀಲಕ್ಕೆ ಹಾಕಿಕೊಂಡು ಬರುತ್ತಿದ್ದನು. ಆ ಕಂಪನಿಯು ಬೇರೆ ಸಾಲಗಳ ಭಾರವೂ ಸೇರಿ 2018ರಲ್ಲಿ ದಿವಾಳಿಯೆದ್ದಿತೆಂಬುದು ಬೇರೆ ಮಾತು. ಅದೇ ಬೆಲೆಗೆ ಚಿತ್ರಪಟವನ್ನು ಕಾರ್ಡಿಗೆ ತುಂಬಿಕೊಡುವ ನ್ಯಾಯವಾದ ಏರ್ಪಾಡನ್ನು ಚಿತ್ರೋದ್ಯಮದವರು ಬಸ್ ಸ್ಟ್ಯಾಂಡಿನ ಅಂಗಡಿಯವನೊಡನೆ ಮಾಡಿಕೊಂಡಿದ್ದರೆ, ಅವನು ಗೂಂಡಾ ಆಗುವ ಬದಲು ಏಜಂಟನಾಗುತ್ತಿದ್ದನು.

2016ರ ಸಪ್ಟೆಂಬರದಲ್ಲಿ ಜಿಯೋ ಬಂದಿತು. ಅಂತರ್ಜಾಲವು ಅಗ್ಗವಾಯಿತು. ಕಾರ್ಡು ತುಂಬುವ ಫಲಕಗಳು ಒಂದೊಂದಾಗಿ ಇಳಿದವು. ಈಗ ಚಿತ್ರಪಟವು ಆ್ಯಪುಗಳಲ್ಲಿ ಇರುವದು. ಅವುಗಳಲ್ಲಿ ಡೌನ್‌ಲೋಡು ಮಾಡಿದ ಚಿತ್ರವು ಮೊಬಾಯಿಲಿನ ಹೊಟ್ಟೆಯಲ್ಲಿದ್ದರೂ ಆ್ಯಪಿನ ಹೊರಗೆ ತೆರೆಯದು; ಗಡುವು ಮುಗಿದರೆ ಒಳಗೂ ತೆರೆಯದು. ಇವು ಯು.ಎಮ್.ಡಿ.ಯಂತೆ ಸೋಲಲಿಲ್ಲ, ಯಾಕಂದರೆ ಯಾವ ತಯಾರಕನ ಮೊಬಾಯಿಲಿನಲ್ಲಿಯೂ ಟಿವಿಯಲ್ಲಿಯೂ ಇವು ನಡೆಯುವವು. ತಿಂಗಳಿಗಿಷ್ಟೆಂದು ಬಾಡಿಗೆ ಕೊಟ್ಟು ನೋಡುವವನು ಬಾಡಿಗೆದಾರನೆಂದು ತಿಳಿದು ನೋಡಿದರೆ ತಕರಾರಿಲ್ಲ. ತಕರಾರು ಇರುವದು ಬಾಡಿಗೆಯನ್ನು ಖರೀದಿಯೆಂದು ಕರೆಯುವಲ್ಲಿ. ಸೋನಿಯವರ ಅಂತರ್ಜಾಲದ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡ ಕೆಲವು ಚಿತ್ರಪಟಗಳು, ಸ್ಟುಡಿಯೋದೊಡನೆ ಆದ ಕರಾರು ಮುಗಿಯಿತೆಂಬ ಕಾರಣದಿಂದ, ಜರ್ಮನಿ ಹಾಗೂ ಆಸ್ಟ್ರಿಯಾ ದೇಶಗಳ ಗಿರಾಕಿಗಳಿಗೆ 2022ರಲ್ಲಿ ಕಾಣದಾದವು. ನಮ್ಮಲ್ಲಿಯೂ ಕನ್ನಡದ ಧಾರಾವಾಹಿಗಳಿದ್ದ ವೂಟ್ ಎಂಬುದು 2023ರಲ್ಲಿ ಜಿಯೋ ಸಿನೇಮಾದಲ್ಲಿ ಲೀನವಾಯಿತು. ಅದು 2025ರಲ್ಲಿ ಹಾಟ್‌ಸ್ಟಾರಿನೊಡನೆ ಕೂಡಿ ಮತ್ತೊಂದು ಹೆಸರನ್ನು ತಳೆಯಿತು. ಒಂಬತ್ತು ವರ್ಷಗಳಲ್ಲಿ ಮೂರು ಬೋರ್ಡು. ಮುದ್ರಣದ ವ್ಯವಸಾಯದಲ್ಲಿರುವ ನಮಗೆ ಈ ಬಗೆಯ ಸಂಕಟವು ಹೊಸದಲ್ಲ. ಗಣಕಯಂತ್ರದ ಕನ್ನಡಕ್ಕೆ ಒಬ್ಬೊಬ್ಬ ತಯಾರಕನು ಒಂದೊಂದು ಸಂಕೇತವನ್ನು ಇಟ್ಟಿದ್ದ ಕಾಲದಲ್ಲಿ ಜೋಡಿಸಿದ ಪುಟಗಳನ್ನು ಈಗ ತೆರೆದರೆ ಕನ್ನಡದ ಬದಲು ಇರುವೆಯ ಸಾಲಿನಂಥ ಗುರುತುಗಳು ಕಾಣುವವು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ನಾವೆಲ್ಲರೂ ಅದಕ್ಕೆ ಬರಲು ಎಷ್ಟೋ ವರ್ಷ ಹಿಡಿಯಿತು.

ನಮ್ಮ ಚಿಂತೆಗೆ ಕಾರಣವಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವು 1934ರಲ್ಲಿ ತೆರೆಕಂಡಿತು; ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಪ್ರತಿಗಳು ಕೆಲವೇ ಇದ್ದು ಕೆಲವರ ಕೈಯಲ್ಲಿಯೇ ಇದ್ದ ವಸ್ತುವಿನ ಗತಿ ಅದು. ಸಗರನಾಡಿನ ದೊಡ್ಡಾಟಗಳು, ಮೊಹರಮ್ಮಿನ ಪದಗಳು, ತಿಂಥಣಿಯ ಮೌನೇಶ್ವರನ ಜಾತ್ರೆಯ ಹಾಗೂ ಮೈಲಾಪುರದ ಜಾತ್ರೆಯ ಹಾಡುಗಳು ಇಂದು ಯಾರೋ ಹುಡುಗರ ಮೊಬಾಯಿಲಿನಲ್ಲಿ, ಯಾವುದೋ ಆ್ಯಪಿನ ಒಳಗೆ ಚಿತ್ರಿತವಾಗಿ ಕುಳಿತಿವೆ. ಹಾಡಿದ ಮುದುಕನು ತೀರಿಹೋಗುವನು, ಹುಡುಗನು ಮೊಬಾಯಿಲನ್ನು ಬದಲಿಸುವನು.

ಆದುದರಿಂದ ಸರಕಾರಕ್ಕೂ ಜಿಲ್ಲೆಯ ಅಧಿಕಾರಿಗಳಿಗೂ ನಮ್ಮ ಬಿನ್ನಹವಿದೆ. ಕನ್ನಡದ ಚಿತ್ರಪಟಗಳಿಗೆ ಸಾರ್ವಜನಿಕರ ಹಣದಿಂದ ಸಹಾಯಧನ ಕೊಡುವಾಗ, ಬೀಗವಿಲ್ಲದ ಸರ್ವಸಾಧಾರಣ ಫಾರ್ಮ್ಯಾಟಿನಲ್ಲಿ ಒಂದು ಪ್ರತಿಯನ್ನು ಸರಕಾರದಲ್ಲಿ ಇಡತಕ್ಕದ್ದೆಂಬ ಕರಾರನ್ನು ಹಾಕಬೇಕು. ನಿರ್ಮಾಪಕನ ಹಕ್ಕು ಇರುವ ವರೆಗೆ ಅದು ಪೆಟ್ಟಿಗೆಯಲ್ಲಿಯೇ ಇರಲಿ. ಹಕ್ಕು ಮುಗಿದವುಗಳ ಮಾತು ಬೇರೆ. ಕಾಯಿದೆಯ ಪ್ರಕಾರ ಚಿತ್ರಪಟದ ಹಕ್ಕು ತೆರೆಕಂಡ ವರುಷದ ಮುಂದೆ ಅರವತ್ತು ವರ್ಷ. 1954ರ 'ಬೇಡರ ಕಣ್ಣಪ್ಪ'ದ ಹಕ್ಕು ಈ ಲೆಕ್ಕದಂತೆ 2014ರ ಕೊನೆಗೆ ತೀರಿತು. ಹಾಡುಗಳ ಸಾಹಿತ್ಯ ಸಂಗೀತಗಳ ಲೆಕ್ಕವನ್ನು ಮಾತ್ರ ಬೇರೆಯಾಗಿ ನೋಡಬೇಕು. ಬೇಡ ನಾಯಕರ ರಾಜಧಾನಿಯಾಗಿದ್ದ ಸುರಪುರದ ವಾಚನಾಲಯದಲ್ಲಿ ಆ ಚಿತ್ರಪಟದ ಒಳ್ಳೆಯ ಪ್ರತಿಯೊಂದಿದ್ದು, ಬಂದವರ ಕಾರ್ಡಿಗೆ ಅದನ್ನು ತುಂಬಿಕೊಟ್ಟರೆ ಯಾರ ಗಂಟು ಹೋಗುವದು? ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಯಾದಗಿರಿಯ ಜಿಲ್ಲಾ ಗ್ರಂಥಾಲಯದಲ್ಲಿಯೂ ಶಹಾಪುರ, ಸುರಪುರಗಳ ವಾಚನಾಲಯಗಳಲ್ಲಿಯೂ ಒಂದೊಂದು ಸಾಧಾರಣ ಗಣಕಯಂತ್ರ, ತುಂಬಲು ಒಂದೆರಡು ಹಾರ್ಡ್ ಡಿಸ್ಕು, ವಾರಕ್ಕೆರಡು ದಿವಸ ಕುಳಿತುಕೊಳ್ಳಬಲ್ಲ ಒಬ್ಬ ತಿಳಿದ ಹುಡುಗ ಇದ್ದರೆ ಸಾಕು. ಬಯಲಾಟದ ಮೇಳದವರು ತಮ್ಮ ಮೊಬಾಯಿಲಿನಲ್ಲಿರುವದನ್ನು ತಂದು, ತಾವಾಗಿ ಒಪ್ಪಿ ಅಲ್ಲಿ ಒಂದು ಪ್ರತಿಯನ್ನು ಇಡಲಿ; ಆಟದ ಹೆಸರು, ಊರು, ಹಾಡಿದವರ ಹೆಸರು, ತಾರೀಖುಗಳನ್ನು ರಜಿಸ್ಟರದಲ್ಲಿ ಬರೆದುಕೊಳ್ಳಲಿ. ಮುಂದಿನ ಸಂಕ್ರಾಂತಿಗೆ ಮೈಲಾಪುರದಲ್ಲಿ ಜಾತ್ರೆ ನೆರೆಯುವ ಮೊದಲೇ ಈ ಕೆಲಸಕ್ಕೆ ಕೈಹಾಕಬಹುದಾಗಿದೆ.